ಈಟಾದ್ರೆ ನಿಲ್ಸಿಬುಡಿ

ನಮ್ಮ ಮನೆಯ ಇಡ್ಲಿ ಪಾತ್ರೆಯ ತಳದಲ್ಲಿ ಒಂದು ತಾಮ್ರದ ಕಾಸು ವಾಸವಾಗಿದೆ. ವಾಸವಾಗಿದೆ ಎಂದು ಬೇಕೆಂದೇ ಬರೆದೆ. ಅದು ನನಗಿಂತ ಹಿರಿಯದು. ನನ್ನ ಜೊತೆಗೇ ದೇವನೂರಿನಿಂದ ಈ ನಂಜನಗೂಡಿಗೆ ಬಂದದ್ದು. ನಾನಾದರೂ ಹಬ್ಬಕ್ಕೆ ಹುಣ್ಣಿಮೆಗೆ ತವರಿಗೆ ಹೋಗಿ ಬಂದಿದ್ದೇನೆ, ಅದು ಒಮ್ಮೆಯೂ ಹೋಗಿಲ್ಲ. ಮೇಲಿನ ಅಕ್ಷರಗಳೆಲ್ಲ ಸವೆದು, ಗಡಸು ನೀರಿನ ಸುಣ್ಣ ಹಿಡಿದು, ಈಗ ಅದು ಬಿಳಿಚಿದ ನಿಪ್ಪಟ್ಟಿನ ಹಾಗೆ ಕಾಣುತ್ತದೆ. ಮೊನ್ನೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಗ ಕೈಜಾರಿ ಬಚ್ಚಲ ಮೋರಿಯ ಕಡೆಗೆ ಉರುಳಿತು. ನಾನು ಸೆರಗು ಸಿಕ್ಕಿಸಿ, ಮಂಡಿಯೂರಿ, ಇನ್ನೇನು ಜಾಲರಿಯೊಳಗೆ ಇಳಿಯಬೇಕು ಎನ್ನುವಾಗ ಅದನ್ನು ಹಿಡಿದೆ.

ಹಜಾರದಿಂದ ಅತ್ತೆಯ ದನಿ ಬಂತು. "ಏನೇ ಅದು ಬಿದ್ದಿದ್ದು?"

"ಕಾಸು ಅತ್ತೆ. ಇಡ್ಲಿ ಪಾತ್ರೆದು."

"ಒಂದು ಕಾಸಿಗೆ ಇಷ್ಟು ಒದ್ದಾಡ್ತೀಯಲ್ಲೇ ಗಿರಿಜಾ. ಬಿದ್ದು ಕಾಲು ಮುರ್ಕೊಂಡ್ರೆ ನನ್ನ ನೋಡೋರು ಯಾರು?"

ಆ ಕಾಸು ತಮಗೆ ಏನು ಉಪಕಾರ ಮಾಡಿದೆ ಎಂಬುದು ಅತ್ತೆಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅಂದರು. ಅನ್ನಲಿ. ಅವರು ಹಾಗೆ ಅನ್ನುತ್ತಿರಬೇಕು ಎಂಬುದೇ ನನ್ನ ಬೇಡಿಕೆ. ಯಾಕೆ ಎಂಬುದನ್ನು ಹೇಳಲೆಂದೇ ಇಷ್ಟು ಬರೆಯಲು ಕೂತಿದ್ದೇನೆ.

ಇಡ್ಲಿ ಬೇಯಿಸುವವರಿಗೆ ಈ ಕಾಸಿನ ಕೆಲಸ ಹೇಳಬೇಕಾಗಿಲ್ಲ. ಬರೀ ತಿನ್ನುವವರಿಗೆ ಹೇಳುತ್ತೇನೆ. ಪಾತ್ರೆಯ ತಳಕ್ಕೆ ನೀರು ಹಾಕಿ, ಅದರೊಳಗೆ ಒಂದು ಕಾಸು ಬಿಟ್ಟು, ಮೇಲೆ ತಟ್ಟೆಗಳನ್ನು ಇಟ್ಟು ಮುಚ್ಚುತ್ತೇವೆ. ನೀರು ಕುದಿಯತೊಡಗಿದರೆ ಕಾಸು ಕಟಕಟ ಎಂದು ಕುಣಿಯುತ್ತದೆ. ನೀರು ಆರಿಹೋದರೆ ಕುಣಿತ ನಿಲ್ಲುತ್ತದೆ. ಮುಚ್ಚಳ ತೆಗೆಯದೆಯೇ ಒಳಗಿನ ಸಮಾಚಾರ ತಿಳಿಯುವ ಉಪಾಯ.

ದೇವನೂರಿನ ನಮ್ಮ ಮನೆಯಲ್ಲಿ ಅಮ್ಮ ಸೌದೆ ಒಲೆಯ ಮೇಲೆ ಇಡ್ಲಿ ಇಟ್ಟು, ಕಾಸಿನ ಸದ್ದು ಕೇಳುವ ಉದ್ಯೋಗವನ್ನು ನನಗೆ ವಹಿಸುತ್ತಿದ್ದಳು. ಆಗ ನನಗೆ ಏಳೋ ಎಂಟೋ ವರ್ಷ. ಒಂದು ಭಾನುವಾರ ನಾನು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಾ ಒಂದು ಕಿವಿಯನ್ನು ಅಡುಗೆಮನೆಯ ಕಡೆ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಸದ್ಯ, ಪಾತ್ರೆ ಸಮಾಧಾನವಾಯಿತು, ಇಡ್ಲಿ ಬೆಂದಿತು ಎಂದುಕೊಂಡು ನಾನು ಇನ್ನೊಂದು ಆಟ ಹೂಡಿದೆ. ಅಮ್ಮ ಹಿತ್ತಿಲಿಂದ ಓಡಿ ಬರುವ ಹೊತ್ತಿಗೆ ಪಾತ್ರೆಯ ತಳ ಕೆಂಪಗಾಗಿತ್ತು. ಆ ದಿನದ ಇಡ್ಲಿಯನ್ನು ಬಾಯಿಗಿಟ್ಟು ಅಪ್ಪ, "ಹೋಮಕ್ಕೆ ಹೋಗಿ ಬಂದ ಹಾಗಿದೆ" ಎಂದಷ್ಟೇ ಹೇಳಿ ನಾಲ್ಕನ್ನು ತಿಂದರು. ಅಮ್ಮ ಬೈಯಲಿಲ್ಲ. ಆದರೆ ನನ್ನ ಕಿವಿ ಹಿಡಿದು ಒಂದು ಮಾತು ಹೇಳಿದಳು. "ಸುಮ್ಮನಾಯ್ತು ಅಂದ್ರೆ ಸುಖವಾಗಿದೆ ಅಂತಲ್ಲ ಕಣೇ. ನೀರು ಮುಗಿದಿದೆ ಅಂತ."

ನಲವತ್ತು ವರ್ಷ ಈ ಮಾತು ಇಡ್ಲಿಗೆ ಮಾತ್ರ ಸಂಬಂಧಪಟ್ಟದ್ದು ಎಂದೇ ನಾನು ತಿಳಿದಿದ್ದೆ.

ಅತ್ತೆಗೆ ಮೂತ್ರಪಿಂಡ ಕೈಕೊಟ್ಟು ಈಗ ಎರಡು ವರ್ಷವಾಯಿತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್ ಆಗಬೇಕು. ಅತ್ತೆ ಅದನ್ನು "ನನ್ನ ಸೋಸೋದು" ಎನ್ನುತ್ತಾರೆ, ಕಾಫಿ ಡಿಕಾಕ್ಷನ್ನಿನ ವಿಷಯ ಹೇಳುವ ಹಾಗೆ. ನಮಗೆ ಬೇಕಾದಾಗ ಪಾಳಿ ಖಾಲಿ ಇದ್ದದ್ದು ತಿ. ನರಸೀಪುರದಲ್ಲಿ. ಸಿಕ್ಕಿತಲ್ಲ, ಅದೇ ದೊಡ್ಡದು. ಆದರೆ ಹೋಗುವುದು ಹೇಗೆ? ಬಸ್ಸಿನ ಮೆಟ್ಟಿಲು ಅತ್ತೆಗೆ ಆಗದು. ಆಟೋದಲ್ಲಿ ಒಂದು ಸಲ ಹೋಗಿ ಬಂದ ಮೇಲೆ ಅವರ ಸೊಂಟ ಮೂರು ದಿನ ಆ ಆಟೋವನ್ನು ಮರೆಯಲಿಲ್ಲ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವರು, ವಾರಕ್ಕೆ ಎರಡು ದಿನ ರಜೆ ಹಾಕಿದರೆ ಮಕ್ಕಳಿಗೆ ಭೂಪಟ ತೋರಿಸುವವರಿಲ್ಲ.

"ನಾನೇ ಕಲೀತೀನಿ" ಎಂದೆ ನಾನು.

"ಏನನ್ನ?"

"ಡ್ರೈವಿಂಗು."

ಅವರು ನಕ್ಕರು. ಅತ್ತೆಯೂ ನಕ್ಕರು. ತಾಯಿ ಮಗ ಒಟ್ಟಿಗೆ ನಕ್ಕದ್ದನ್ನು ಆ ಮನೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ನನಗೆ ನಲವತ್ತೇಳು ವರ್ಷ, ಸೈಕಲ್ಲನ್ನೂ ತುಳಿದವಳಲ್ಲ. ಆದರೂ ಮೂರು ತಿಂಗಳಿಗೆ ಕಲಿತೆ. ಪಕ್ಕದ ಬೀದಿಯವರು ಮಾರುತ್ತಿದ್ದ ಹಳೆಯ ವ್ಯಾನೊಂದು ಮನೆಗೆ ಬಂತು. ಅದರ ಇಂಜಿನ್ನು ಮುಂದಿನ ಸೀಟಿನ ಕೆಳಗೇ ಇರುವಂಥದ್ದು. ಮಾಘದ ಚಳಿಯಲ್ಲಿ ಅದೊಂದು ಸುಖ, ಬೇಸಿಗೆಯಲ್ಲಿ ತಪಸ್ಸು.

ಯಜಮಾನರು ನನಗೆ ಮುಂದಿನ ಫಲಕದ ಪಾಠ ಹೇಳಿದರು. "ಇದು ಸ್ಪೀಡು. ಇದು ಪೆಟ್ರೋಲು. ಇದು ನೀನು ನೋಡೋದಲ್ಲ."

ನೋಡುವುದಲ್ಲ ಎಂದರೆ ನೋಡದೆ ಇರುವುದು ಹೇಗೆ? ಅದೂ ಒಂದು ಮುಳ್ಳು. ಕೆಳಗೆ ಇಂಗ್ಲಿಷಿನ ಸಿ, ಮೇಲೆ ಎಚ್. ಗಾಡಿ ಹೊರಡುವಾಗ ಸಿ ಹತ್ತಿರ ಮಲಗಿರುತ್ತದೆ, ಒಂದೆರಡು ಮೈಲಿಗೆ ಎದ್ದು ನಡುಮಧ್ಯಕ್ಕೆ ಬಂದು ಕೂರುತ್ತದೆ, ಆಮೇಲೆ ಅಲ್ಲಾಡುವುದಿಲ್ಲ. ಸಿ ಎಂದರೆ ಚೆನ್ನಾಗಿದೆ, ಎಚ್ ಎಂದರೆ ಹಾಳಾಗಿದೆ ಎಂದು ನಾನೇ ಒಂದು ಅರ್ಥ ಮಾಡಿಕೊಂಡೆ. ಚ ಅಕ್ಷರಕ್ಕೆ ಸಿ ಸಾಲದು, ಪಕ್ಕದಲ್ಲಿ ಎಚ್ ಕೂಡ ಬೇಕು ಎಂದು ಯಜಮಾನರು ಆಮೇಲೆ ತಿದ್ದಿದರು. ತಿದ್ದಿದರೇ ಹೊರತು ಆ ಮುಳ್ಳು ಏನೆಂದು ಅವರೂ ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದು ನನ್ನ ಗುಮಾನಿ.

ಹೇಳಿದವನು ಮಾದಪ್ಪ. ನಮ್ಮ ಬೀದಿ ಮುಗಿಯುವಲ್ಲಿ ಅವನ ಗ್ಯಾರೇಜು. ಒಂದು ದಿನ ವ್ಯಾನಿಗೆ ಎಣ್ಣೆ ಬದಲಿಸಲು ಬಿಟ್ಟಾಗ ಕೇಳಿದೆ. "ಮಾದಪ್ಪ, ಈ ಮುಳ್ಳು ಏನನ್ನ ನೋಡತ್ತೆ?"

"ಅದು ನೀರಿನ ಜ್ವರ ನೋಡ್ತದೆ ಅಮ್ಮಾರೆ."

ಅವನು ಕೈ ಒರೆಸಿಕೊಂಡು ಬಂದು ನನ್ನ ಪಕ್ಕದ ಬಾಗಿಲಿಗೆ ಒರಗಿ ನಿಂತ. "ಇಂಜಿನ್ ಸುತ್ತ ನೀರು ಓಡಾಡ್ತಾ ಇರ್ತದೆ. ಬಣ್ಣದ್ ನೀರು, ಕೂಲೆಂಟು ಅಂತೀವಿ. ಅದು ಇಂಜಿನ್ ಕಾವ್ನೆಲ್ಲ ಎಳ್ಕಂಡು ಮುಂದ್ಗಡೆ ರೇಡಿಯೇಟ್ರಿಗೆ ಬತ್ತದೆ, ಗಾಳೀಲಿ ಆರ್ಕತದೆ, ತಿರ್ಗಾ ವಳಿಕ್ಕೆ ಓಯ್ತದೆ. ಆ ನೀರೊಳಗೆ ಒಂದು ಸೆನ್ಸಾರು ಮುಳುಗ್ಸಿರ್ತಾರೆ, ಸ್ನಾನದ್ ನೀರಿಗೆ ಬೆಳ್ಳು ಅದ್ದಿ ನೋಡ್ದಂಗೆ. ನೀರು ತಣ್ಗಿದ್ರೆ ಅದು ಕರೆಂಟ ಬುಡಾಕಿಲ್ಲ, ಬಿಗ್ಯಾಗಿ ಇಡ್ಕತದೆ. ಬಿಸಿ ಆಯ್ತಾ ಆಯ್ತಾ ಸಡ್ಲ ಬುಡ್ತದೆ. ಏಟು ಕರೆಂಟು ಬತ್ತದೋ ಆಟು ಮುಳ್ಳು ಏಳ್ತದೆ. ಅಷ್ಟೇ ಅದ್ರ ವಿದ್ಯೆ."

ನನಗೆ ನನ್ನ ಸೋದರತ್ತೆಯ ನೆನಪಾಯಿತು. ಅವರೂ ಹಾಗೆಯೇ. ಬೆಳಗ್ಗೆ ಎದ್ದಾಗ ಒಂದು ಮಾತೂ ಬಾಯಿಂದ ಹೊರಡದು. ಬಿಸಿ ಕಾಫಿ ಇಳಿದ ಮೇಲೆ ಊರಿನ ಸುದ್ದಿಯೆಲ್ಲ ಸಡಿಲ.

ಮಾದಪ್ಪ ಹೋಗುವ ಮುಂಚೆ ಆ ಮುಳ್ಳಿನ ಗಾಜಿನ ಮೇಲೆ, ಎಚ್ ಅಕ್ಷರಕ್ಕೆ ಒಂಚೂರು ಕೆಳಗೆ, ತೋರುಬೆರಳು ಊರಿ ಗಂಭೀರವಾಗಿ ಹೇಳಿದ. "ಈಟಾದ್ರೆ ನಿಲ್ಸಿಬುಡಿ ಅಮ್ಮಾರೆ. ಒಂದೆಜ್ಜೆ ಮುಂದಕ್ಕೆ ಓಡಿಸ್ಬ್ಯಾಡಿ."

ಬೆರಳು ತೆಗೆದ ಮೇಲೆ ಅಲ್ಲಿ ಗ್ರೀಸಿನ ಗುರುತು ಉಳಿಯಿತು. ನಾನು ಅದನ್ನು ಒರೆಸಲಿಲ್ಲ. ದೇವನೂರಿನಲ್ಲಿ ಬೆಳೆದವಳಲ್ಲವೇ ನಾನು, ಏಟು ಎಂದರೆ ಎಷ್ಟು, ಆಟು ಎಂದರೆ ಅಷ್ಟು, ಈಟು ಎಂದರೆ ಇಷ್ಟು. ಮೈಸೂರಿನ ಹುಡುಗಿಯರಿಗೆ ತಿಳಿಯದಿರಬಹುದು, ನನಗೆ ಹೊಲದ ಮಾತು ಗೊತ್ತು ಎಂಬ ಜಂಬ. ಮುಳ್ಳು ಇಷ್ಟರವರೆಗೆ ಬಂದರೆ ನಿಲ್ಲಿಸಬೇಕು, ಅಲ್ಲಿಯವರೆಗೆ ಭಯವಿಲ್ಲ. ಎಷ್ಟು ಸ್ಪಷ್ಟವಾಗಿ ಗೆರೆ ಹಾಕಿಕೊಟ್ಟ ಪುಣ್ಯಾತ್ಮ ಎಂದುಕೊಂಡೆ. ಗುರುತು ಮಾಸೀತು ಎಂದು ಶುಕ್ರವಾರದ ಪೂಜೆಯಲ್ಲಿ ಸರಿಯಾಗಿ ಅದರ ಮೇಲೆಯೇ ಒಂದು ಕುಂಕುಮದ ಬೊಟ್ಟು ಇಟ್ಟೆ. ಪ್ರತಿ ಶುಕ್ರವಾರ ಅದನ್ನು ಹೊಸದು ಮಾಡುತ್ತಿದ್ದೆ.

ಈಗ ಆ ದಿನಕ್ಕೆ ಬರುತ್ತೇನೆ. ಅದೂ ಶುಕ್ರವಾರವೇ. ಹಿಂದಿನ ಮಂಗಳವಾರ ಅತ್ತೆ ಹಟ ಹಿಡಿದು ಆಸ್ಪತ್ರೆಗೆ ಬಂದಿರಲಿಲ್ಲ. ಅವರ ತಂಗಿಯ ಮೊಮ್ಮಗಳ ಸೀಮಂತ. "ಒಂದು ಸಲ ಸೋಸದೆ ಇದ್ರೆ ಏನೂ ಕೆಟ್ಟುಹೋಗಲ್ಲ" ಎಂದು ಹೋಗಿ, ಪಾಯಸ ಕುಡಿದು, ಬಾಯಾರಿ ನೀರು ಕುಡಿದು ಬಂದರು. ಅವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಲೋಟದ ಲೆಕ್ಕವಿದೆ. ಗುರುವಾರದ ಹೊತ್ತಿಗೆ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಮೂರು ದಿಂಬಿಗೆ ಒರಗಿ ಕೂತರು. ಆಸ್ಪತ್ರೆಯ ನರ್ಸಮ್ಮ ಫೋನಿನಲ್ಲಿ ಬೈದು ಹೇಳಿದ್ದರು. "ನಾಳೆ ಹತ್ತು ಗಂಟೆಗೆ ಮಿಷನ್ನು ನಿಮ್ಮ ಅತ್ತೆಗೆ. ಇನ್ನು ತಪ್ಪಿಸೋ ಹಾಗಿಲ್ಲಮ್ಮ. ನೀರು ಎದೆಗೆ ಏರತ್ತೆ."

ಎಂಟೂವರೆಗೆ ಹೊರಟೆವು. ನಂಜುಂಡನ ಗೋಪುರಕ್ಕೆ ಗಾಡಿಯಿಂದಲೇ ಕೈಮುಗಿದು ಕಪಿಲೆಯ ದಡ ಬಿಟ್ಟೆವು. ಅತ್ತೆ ಮುಂದಿನ ಸೀಟಿನಲ್ಲಿ, ಕೈಯಲ್ಲಿ ಜಪಮಾಲೆ. ಊರು ದಾಟಿದ ಮೇಲೆ ಮುಳ್ಳು ಎಂದಿನಂತೆ ನಡುವಿಗೆ ಬಂತು. ಆದರೆ ಅಲ್ಲಿ ಕೂರಲಿಲ್ಲ. ಮೆಲ್ಲಗೆ ಮೇಲೆ ಸರಿಯಿತು. ನಾನು ಕುಂಕುಮದ ಬೊಟ್ಟು ನೋಡಿದೆ. ಇನ್ನೂ ದೂರವಿದೆ.

"ಏನೇ ಇದು, ಎತ್ತಿನ ಗಾಡಿ ಇದಕ್ಕಿಂತ ಮುಂದೆ ಹೋಗತ್ತೆ" ಎಂದರು ಅತ್ತೆ. ನಾನು ಇನ್ನಷ್ಟು ಒತ್ತಿದೆ. ಮುಳ್ಳು ಇನ್ನಷ್ಟು ಏರಿತು. ಬೊಟ್ಟಿಗೆ ಒಂದು ಕಡಲೆಬೇಳೆಯಷ್ಟು ಅಂತರ. ಈಟಾಗಿಲ್ಲ, ಈಟಾಗಿಲ್ಲ ಎಂದು ನಾನು ಜಪ ಮಾಡುತ್ತಾ ಓಡಿಸಿದೆ. ಹದಿನಾರು ಎಂಬ ಊರಿನ ತಿರುವಿನಲ್ಲಿ ಬೊಟ್ಟನ್ನು ಮುಟ್ಟಿಯೇಬಿಡುತ್ತದೆ ಎನ್ನಿಸಿದಾಗ ಬಾಯಿಬಿಟ್ಟು ಬೇಡಿದೆ. "ನಂಜುಂಡಪ್ಪ, ಅಷ್ಟು ದೊಡ್ಡ ವಿಷವನ್ನೇ ಗಂಟಲಲ್ಲಿ ತಡೆದವನು ನೀನು. ಈ ಕಾವನ್ನ ಸ್ವಲ್ಪ ತಡಿ."

ಮುಳ್ಳು ನಿಂತಿತು. ನಡುಗಿತು. ಆಮೇಲೆ ಸರಸರ ಇಳಿದು ಸಿ ಹತ್ತಿರ ಹೋಗಿ ಮಲಗಿತು.

ನನ್ನ ಕಣ್ಣಲ್ಲಿ ನೀರು ಬಂತು. "ಅತ್ತೆ, ನೋಡಿದ್ರಾ, ಸ್ವಾಮಿ ಕಣ್ಣು ಬಿಟ್ಟ" ಎಂದೆ.

"ಸ್ವಾಮಿ ಬಿಡಲಿ ಕಣೇ, ನನ್ನ ಸೀಟು ದೋಸೆ ಕಾವಲಿ ಆಗಿದೆ."

"ಇಲ್ಲ ಅತ್ತೆ, ತಣ್ಣಗಿದೆ. ಮುಳ್ಳು ನೋಡಿ."

"ಕೂತಿರೋದು ಮುಳ್ಳಾ, ನಾನಾ?"

ನಾನು ನಕ್ಕೆ. ಹೆಂಗಸರೇ, ಗಂಡಸರೇ, ನನ್ನ ಬುದ್ಧಿಯನ್ನು ನೋಡಿ. ಸುಡುತ್ತಿದೆ ಎನ್ನುವ ಜೀವಂತ ಮನುಷ್ಯರು ಪಕ್ಕದಲ್ಲಿ, ತಣ್ಣಗಿದೆ ಎನ್ನುವ ಮುಳ್ಳು ಎದುರಿಗೆ, ನಾನು ನಂಬಿದ್ದು ಮುಳ್ಳನ್ನು. ಇನ್ನೂ ಸ್ವಲ್ಪ ದೂರ ಓಡಿಸಿದೆ. ಆಗ ಒಂದು ವಾಸನೆ ಬಂತು. ಬೆಲ್ಲದ ಪಾಕ ತಳ ಹಿಡಿದಾಗ ಬರುವಂಥ ಸಿಹಿ ಕಮಟು. ಅಡುಗೆಮನೆಯ ಮೂಗು ಸುಳ್ಳು ಹೇಳುವುದಿಲ್ಲ. ಏನೋ ತಳ ಹಿಡಿಯುತ್ತಿದೆ. ಅದೇ ಕ್ಷಣ ದೇವನೂರಿನ ಅಂಗಳ, ಕುಂಟೆಬಿಲ್ಲೆ, ನಿಂತುಹೋದ ಕಟಕಟ ಎಲ್ಲ ಒಟ್ಟಿಗೆ ಕಿವಿಗೆ ಬಂದವು. ಸುಮ್ಮನಾಯ್ತು ಅಂದ್ರೆ ಸುಖವಾಗಿದೆ ಅಂತಲ್ಲ ಕಣೇ.

ನೀರೇ ಇಲ್ಲದಿದ್ದರೆ ಬೆರಳು ಅದ್ದುವುದು ಯಾವುದಕ್ಕೆ?

ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಎಳೆದು ಇಂಜಿನ್ನು ಆರಿಸಿದೆ. ಕೆಳಗಿಂದ ಹಬೆ ಬುಸ್ಸೆಂದು ಎದ್ದಿತು. ಅತ್ತೆಯನ್ನು ಇಳಿಸಿ, ಹೊಂಗೆ ಮರದ ಕೆಳಗೆ ವ್ಯಾನಿನ ಹಿಂದಿನ ಸೀಟಿನ ಮೆತ್ತೆ ಹಾಸಿ ಕೂರಿಸಿ, ಮಾದಪ್ಪನಿಗೆ ಫೋನು ಮಾಡಿ ಹಬೆಯ ಸುದ್ದಿ ಹೇಳಿದೆ.

"ಈಟಾಗಿತ್ತಾ ಅಮ್ಮಾರೆ?"

"ಇಲ್ಲಪ್ಪ, ಇನ್ನೂ ಅಷ್ಟು ಆಗಿರ್ಲಿಲ್ಲ. ಕುಂಕುಮದ ಕೆಳಗೇ ಇತ್ತು."

"ಏನ್ ಕುಂಕ್ಮ?"

"ನೀನು ತೋರ್ಸಿದ ಜಾಗಕ್ಕೆ ಇಟ್ಟಿದೀನಲ್ಲ, ಅದು."

"ಅದೇನೋ ಆಮ್ಯಾಕ್ ಯೋಳಿ. ರೇಡಿಯೇಟ್ರು ಮುಚ್ಳ ಮಾತ್ರ ಮುಟ್ಬ್ಯಾಡಿ, ಮಖಕ್ಕೆ ಉಗೀತದೆ. ಅರ್ಧ ಗಂಟೆ ಆರ್ಲಿ. ನಾನು ಬೈಕ್ನಾಗೆ ಬತ್ತೀನಿ."

ಅರ್ಧ ಗಂಟೆ. ಒಂದು ಸುತ್ತು ಜಪಮಾಲೆಗೆ ಐದು ನಿಮಿಷ ಎಂದು ನಮ್ಮ ಮನೆಯ ಲೆಕ್ಕ. ಆರು ಸುತ್ತು ಆಗಬೇಕು. ಆಮೇಲೆ ನೀರು ತುಂಬಿ ಹೊರಟರೂ ಹತ್ತಕ್ಕೆ ಅಲ್ಲಿರಬಹುದು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. "ಅತ್ತೆ, ಪಂಚಾಕ್ಷರಿ ಶುರು ಮಾಡಿ, ಆರು ಸುತ್ತು" ಎಂದೆ. ಅತ್ತೆ ಮಣಿ ಎಣಿಸತೊಡಗಿದರು. ನಾನು ರಸ್ತೆಗೂ ಹಬೆಗೂ ನಡುವೆ ಓಡಾಡಿದೆ. ಒಬ್ಬರಿಗೆ ಮೈತುಂಬ ನೀರು ಹೆಚ್ಚಾಗಿ ಕಷ್ಟ, ಇನ್ನೊಂದಕ್ಕೆ ಹನಿ ನೀರಿಲ್ಲದೆ ಕಷ್ಟ. ಇಬ್ಬರಿಗೂ ನಾನೇ ದಿಕ್ಕು.

ಅಷ್ಟು ಹೊತ್ತಿಗೆ ಬಾಳೆಗೊನೆ ತುಂಬಿದ ಒಂದು ಗೂಡ್ಸ್ ಆಟೋ ನಿಂತಿತು. ಓಡಿಸುತ್ತಿದ್ದವನು ನನ್ನಷ್ಟೇ ವಯಸ್ಸಿನ ರೈತ, ಹೆಸರು ನಿಂಗರಾಜು ಎಂದು ಆಮೇಲೆ ತಿಳಿಯಿತು. ಇಳಿದವನೇ ಕ್ಯಾನು ಹಿಡಿದು ಪಕ್ಕದ ನಾಲೆಗೆ ಹೋಗಿ ನೀರು ತಂದ.

"ಒಗೆ ಬತ್ತಾ ಅದಲ್ಲವ್ವ. ಮುಚ್ಳ ತಗೀರಿ, ತಣ್ಣೀರ್ ಉಯ್ತೀನಿ, ಟುಸ್ ಅಂತ ಆರೋಯ್ತದೆ."

"ಮುಟ್ಟಬೇಡಿ."

"ಏನಾಗಾಕಿಲ್ಲ ಬುಡಿ, ನಮ್ ಟ್ರ್ಯಾಕ್ಟ್ರಿಗೆ ಏಟ್ ಸಲ..."

"ಕಾದ ಕಾವಲಿಗೆ ನೀರು ಸುರಿದ್ರೆ ಏನಾಗತ್ತೆ ಅಂತ ನಿಮ್ಮ ಮನೇವ್ರನ್ನ ಕೇಳಿ. ಅದನ್ನ ಕೆಳಗಿಡಿ."

ಅವನು ಕ್ಯಾನನ್ನು ಕೆಳಗಿಟ್ಟ. ನನ್ನ ದನಿ ಅಷ್ಟು ಗಟ್ಟಿಯಿದೆ ಎಂದು ನನಗೂ ಗೊತ್ತಿರಲಿಲ್ಲ.

ಆ ಗಟ್ಟಿ ದನಿ ಅತ್ತೆಗೆ ಕೇಳಿಸಬೇಕಿತ್ತು. ಹೊರಗಿನವರ ಮುಂದೆ ಸೊಸೆ ಹೀಗೆ ಮಾತಾಡಿದರೆ ಅವರು ಬಿಡುವವರಲ್ಲ. ಏನೋ ಒಂದು ಬರಬೇಕಿತ್ತು. ಬರಲಿಲ್ಲ. ತಿರುಗಿ ನೋಡಿದೆ. ಕಣ್ಣು ಅರೆಮುಚ್ಚಿ, ಮರಕ್ಕೆ ಒರಗಿ, ಶಾಂತವಾಗಿ ಕೂತಿದ್ದರು. ಪಾಪ, ಜಪದಲ್ಲಿ ಮುಳುಗಿದ್ದಾರೆ ಎಂದುಕೊಳ್ಳುವಷ್ಟರಲ್ಲಿ ಕೈ ಕಂಡಿತು. ಬೆರಳ ನಡುವೆ ಮಣಿ ಇದೆ. ಮಣಿ ಸರಿಯುತ್ತಿಲ್ಲ.

ಒಂದೇ ಬೆಳಗಿನಲ್ಲಿ ಅದೇ ತಪ್ಪನ್ನು ಎರಡನೆಯ ಸಲ ಮಾಡಲಿದ್ದೆ ನಾನು.

"ಅತ್ತೆ" ಎಂದು ಅಲ್ಲಾಡಿಸಿದೆ. ತುಟಿ ನೀಲಿಯಾಗಿತ್ತು. ಉಸಿರು ಮೇಲೆಮೇಲೆ ಓಡುತ್ತಿತ್ತು. "ಹ್ಞೂಂ" ಎಂದರು, ಅಷ್ಟೇ.

ಆರು ಸುತ್ತು ಕಾಯುವ ಮಾತು ಮುಗಿಯಿತು. "ನಿಂತ್ಕೋಬೇಡಿ ಅಣ್ಣ" ಎಂದೆ. "ನಿಮ್ಮ ನೀರು ಬೇಡ. ನಿಮ್ಮ ಪಕ್ಕದ ಜಾಗ ಬೇಕು. ನರಸೀಪುರದ ಆಸ್ಪತ್ರೆ."

"ಅತ್ತಿಸಿ ಅವ್ವನ. ನಾನೂ ಅಲ್ಲಿಗೇ ಓಯ್ತಿರೋದು."

ಇಬ್ಬರೂ ಸೇರಿ ಅತ್ತೆಯನ್ನು ಮುಂದೆ ಕೂರಿಸಿದೆವು. ನನಗೆ ಅಲ್ಲಿ ಜಾಗವಿಲ್ಲ. ವ್ಯಾನಿಗೆ ಬೀಗ ಹಾಕಿ, ಸೆರಗು ಬಿಗಿದು, ಹಿಂದೆ ಬಾಳೆಗೊನೆಗಳ ಮೇಲೆ ಹತ್ತಿ ಕೂತೆ. ನಂಜನಗೂಡಿನ ಬೀದಿಯಲ್ಲಿ ನೆಟ್ಟಗೆ ನೆರಿಗೆ ಹಿಡಿದು ನಡೆಯುವ ಮೇಷ್ಟ್ರ ಹೆಂಡತಿ ಗೊನೆಯ ಮೇಲೆ ಹೋಗುತ್ತಿದ್ದಾಳೆ. ಆ ಸೀರೆಯ ಮೇಲೆ ಬಾಳೆಯ ಸೊನೆಯ ಕಲೆ ಈಗಲೂ ಇದೆ. ನಾನು ಅದನ್ನು ತೆಗೆಯುವ ಪ್ರಯತ್ನವನ್ನೂ ಮಾಡಿಲ್ಲ.

ಹಿಂದಿನ ಸಣ್ಣ ಕಿಂಡಿಗೆ ಬಾಯಿಟ್ಟು ಕೂಗಿದೆ. "ಅಣ್ಣ, ಅವರನ್ನ ಮಾತಾಡಿಸ್ತಾ ಇರಿ. ಸುಮ್ಮನಿರೋಕೆ ಬಿಡಬೇಡಿ."

ನಿಂಗರಾಜು ಮಾತಾಡಿಸಿದ. ಅವ್ವಾ ನಿಮಗೆ ಮಕ್ಳೇಟು, ಅವ್ವಾ ನಿಮ್ ತವ್ರೂರ್ಯಾವ್ದು, ಅವ್ವಾ ಮಳೆ ಬತ್ತದಾ. ಪ್ರಶ್ನೆಯ ಜೊತೆಗೊಂದು ಹಾರ್ನು. ಉತ್ತರ ಬರಲಿಲ್ಲ. ನಾನು ಕಿಂಡಿಗೆ ಕಿವಿಯಿಟ್ಟು ಕೂತೆ, ಏಳು ವರ್ಷದವಳು ಒಲೆಯ ಮುಂದೆ ಕೂರಬೇಕಿದ್ದ ಹಾಗೆ. ಕಾವೇರಿ ಕಪಿಲೆ ಕೂಡುವ ಊರಿನ ಮೊದಲ ಮನೆಗಳು ಕಂಡಾಗ ಒಳಗಿಂದ ಒಂದು ಸಣ್ಣ ದನಿ ಬಂತು.

"ಹಾರ್ನು ಕಮ್ಮಿ ಹೊಡಿಯಪ್ಪ."

ನಾನು ಗೊನೆಗಳ ಮೇಲೆ ಕೂತೇ ಕೈಮುಗಿದೆ. ಯಾವ ದಿಕ್ಕಿಗೆ ಎಂದು ನೋಡಲಿಲ್ಲ.

ಹತ್ತಾಗಿ ಹತ್ತು ನಿಮಿಷವಾಗಿತ್ತು. ನರ್ಸಮ್ಮ ಮಿಷನ್ನನ್ನು ಬೇರೆಯವರಿಗೆ ಕೊಡದೆ ಹಿಡಿದಿಟ್ಟಿದ್ದರು. ಅತ್ತೆಗೆ ಮೊದಲು ಆಮ್ಲಜನಕ ಹಾಕಿದರು, ಆಮೇಲೆ ಸೂಜಿ ಚುಚ್ಚಿದರು. "ಇನ್ನೊಂದು ಗಂಟೆ ತಡವಾಗಿದ್ರೆ ಕಷ್ಟ ಆಗ್ತಿತ್ತು" ಎಂದು ಡಾಕ್ಟರು ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತು ನಾಲ್ಕು ಗಂಟೆ ಆ ಯಂತ್ರದ ಗಿರಗಿರ ಕೇಳಿದೆ. ಅಷ್ಟು ಇಂಪಾದ ಸದ್ದು ನಾನು ಕೇಳಿಲ್ಲ.

ಮಧ್ಯಾಹ್ನ ಗೊನೆಗಳನ್ನು ಇಳಿಸಿ ಬಂದ ನಿಂಗರಾಜು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. "ಎಂಗವ್ರೆ ಅವ್ವ?" ಕೈಯಲ್ಲಿ ಒಂದು ಚಿಪ್ಪು ರಸಬಾಳೆ. ಅತ್ತೆ ಜೀವಮಾನವೆಲ್ಲ ರಸಬಾಳೆ ತಿಂದವರು. ಮೂತ್ರಪಿಂಡ ಕೆಟ್ಟ ಮೇಲೆ ಬಾಳೆಹಣ್ಣು ಅವರಿಗೆ ವಿಷ, ಒಂದನ್ನೂ ತಿನ್ನುವ ಹಾಗಿಲ್ಲ.

"ತಿನ್ನೋ ಹಾಗಿಲ್ಲಪ್ಪ" ಎಂದರು ಅತ್ತೆ. ಆದರೂ ಚಿಪ್ಪನ್ನು ಮಡಿಲಲ್ಲಿಟ್ಟುಕೊಂಡು ಒಂದು ಹಣ್ಣಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದರು. "ಇವತ್ತಿಗೆ ಇಷ್ಟು ಸಾಕು." ಆ ಚಿಪ್ಪು ನರ್ಸಮ್ಮನಿಗೆ ಹೋಯಿತು. ನಿಂಗರಾಜು ನಮ್ಮನ್ನು ಮನೆಯವರೆಗೂ ತಂದು ಬಿಟ್ಟ. ಈ ಸಲ ನಾನು ಖಾಲಿ ಡಬ್ಬದಲ್ಲಿ ಗೋಣಿ ಹಾಸಿಕೊಂಡು ರಾಣಿಯ ಹಾಗೆ ಬಂದೆ.

ಮಾರನೆಯ ದಿನ ಮಾದಪ್ಪನ ಗ್ಯಾರೇಜಿಗೆ ಹೋದೆ. ವ್ಯಾನನ್ನು ಅವನು ಹಿಂದಿನ ದಿನವೇ ಎಳೆಸಿ ತಂದಿದ್ದ. ಹಳೆಯ ರಬ್ಬರ್ ಪೈಪೊಂದು ಸೀಳಿ ನೀರೆಲ್ಲ ದಾರಿಯುದ್ದಕ್ಕೂ ಹೋಗಿತ್ತಂತೆ. "ಇಂಜಿನ್ ಉಳ್ಕತು ಅಮ್ಮಾರೆ. ಇನ್ನೊಂದ್ ಮೈಲಿ ಓಡ್ಸಿದ್ರೆ ಕಚ್ಕಂಡು ನಿಂತೋಗೋದು. ನೀರು ಕಮ್ಮಿಯಾದ್ರೆ ಸೆನ್ಸಾರು ಗಾಳೀಲಿ ನಿಂತ್ಕತದೆ, ಅದಕ್ಕೆ ಕಾವೇ ತಟ್ಟಾಕಿಲ್ಲ. ಮುಳ್ಳು ಬಿದ್ದೋಯ್ತದೆ. ತಿಳ್ದೋರೂ ಇದ್ರಲ್ಲಿ ಮೋಸ ಓಯ್ತಾರೆ. ಅದ್ಸರಿ, ಮೊದ್ಲೇ ಯಾಕ್ ನಿಲ್ಸಲಿಲ್ಲ? ಈಟಾದ್ರೆ ನಿಲ್ಸಿ ಅಂದಿರ್ಲಿಲ್ವಾ?"

ನಾನು ಕುಂಕುಮದ ಬೊಟ್ಟು ತೋರಿಸಿದೆ. "ನೀನು ಬೆರಳಿಟ್ಟ ಜಾಗ ಇದೇ ತಾನೆ? ಮುಳ್ಳು ಇಷ್ಟು ಆಗಲೇ ಇಲ್ವಲ್ಲ."

ಅವನು ಬೊಟ್ಟನ್ನು ನೋಡಿದ. ನನ್ನನ್ನು ನೋಡಿದ. ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾರೆ, ನಾನು ಈಟು ಅಂದಿದ್ದು ಈಟು ಅಂತ ಅಲ್ಲ. ಈಟು ಅಂತ."

"ಅದೇ ನಾನೂ ಹೇಳ್ತಿರೋದು."

"ಅಲ್ಲ. ಈಟು. ಬಿಸಿ. ಇಂಗ್ಲೀಸ್ ಈಟು."

ಹೀಟು. ನಾನು ಗ್ಯಾರೇಜಿನ ಹಳೆಯ ಟೈರಿನ ಮೇಲೆ ಕೂತುಬಿಟ್ಟೆ. ನಡು ದಾಟಿದೊಡನೆ ನಿಲ್ಲಿಸಬೇಕಿತ್ತು. ಆ ಬೆರಳು ಯಾವ ಗೆರೆಯನ್ನೂ ತೋರಿಸಿರಲಿಲ್ಲ, ಎಚ್ ಅಕ್ಷರವನ್ನು ತೋರಿಸುತ್ತಿತ್ತು. ಹೊಲದ ಮಾತು ಗೊತ್ತು ಎಂಬ ಜಂಬವಿಲ್ಲದವಳಾಗಿದ್ದರೆ ಒಮ್ಮೆ ತಿರುಗಿ ಕೇಳುತ್ತಿದ್ದೆ. ಮಾದಪ್ಪ ಕುಂಕುಮವನ್ನು ಒರೆಸಲು ಹಿಂದೇಟು ಹಾಕಿದ, ದೇವರದ್ದಲ್ಲವೇ. ನಾನೇ ಸೆರಗಿನ ತುದಿಯಿಂದ ಒರೆಸಿದೆ.

ಸಂಜೆ ದೀಪ ಹಚ್ಚುವಾಗ ಆ ದಿನದ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ದೊಡ್ಡವೇನಲ್ಲ, ಹಾಲು ಉಕ್ಕಲಿಲ್ಲ, ಬಸ್ಸು ಸಿಕ್ಕಿತು ಎನ್ನುವಂಥವು. ಮುಳ್ಳು ಇಳಿದಾಗ ಸ್ವಾಮಿ ಕಣ್ಣು ಬಿಟ್ಟ ಎಂದಿದ್ದೆನಲ್ಲ, ಅದರ ಬಗ್ಗೆ ಆ ಸಂಜೆ ನಂಜುಂಡನೊಡನೆ ಸ್ವಲ್ಪ ಮುಖ ಗಂಟು ಹಾಕಿಕೊಂಡೇ ಮಾತಾಡಿದೆ. ಆಮೇಲೆ ಹೊಳೆಯಿತು. ಕಣ್ಣು ಬಿಟ್ಟದ್ದು ನಿಜವೇ, ಆದರೆ ಮುಳ್ಳಿನಲ್ಲಲ್ಲ. ಬೆಲ್ಲದ ಪಾಕದ ವಾಸನೆಯಲ್ಲಿ. ನಲವತ್ತು ವರ್ಷ ಹಿಂದೆ ಅಮ್ಮ ಹಿಡಿದ ಕಿವಿಯಲ್ಲಿ. ಹಾರ್ನು ಹೊಡೆಯುತ್ತಾ ಬಂದ ಬಾಳೆಗೊನೆಗಳಲ್ಲಿ.

ಮಂಗಳವಾರ ಮತ್ತೆ ಹೊರಡಬೇಕು. ಯಜಮಾನರು, "ಕಾರು ಗೊತ್ತು ಮಾಡ್ತೀನಿ, ನೀನು ಓಡಿಸ್ಬೇಡ" ಎಂದರು.

"ನಾನೇ ಓಡಿಸ್ತೀನಿ" ಎಂದೆ. ಈ ಸಲ ತಾಯಿ ಮಗ ಇಬ್ಬರೂ ನಗಲಿಲ್ಲ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಮೊದಲೇ ಹೋಗಿ ಮುಂದಿನ ಸೀಟಿನಲ್ಲಿ ಕೂತಿದ್ದರು.

ಊರು ದಾಟಿತು. ಮುಳ್ಳು ನಡುವಿಗೆ ಬಂದು ಕೂತಿತು. ನಾನು ಅದನ್ನೊಮ್ಮೆ ನೋಡಿದೆ, ಅತ್ತೆಯ ಬೆರಳನ್ನೊಮ್ಮೆ ನೋಡಿದೆ. ಮಣಿ ಸರಿಯುತ್ತಿತ್ತು. ಆದರೆ ಅತ್ತೆ ಮಾತಿಲ್ಲ. ಹದಿನಾರಿನ ಹೊಂಗೆ ಮರ ಬಂತು, ಹೋಯಿತು. ಆಗಲೂ ಮಾತಿಲ್ಲ. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಏನಾದ್ರೂ ಮಾತಾಡಿ."

"ಏನು ಮಾತಾಡ್ಲಿ?"

"ಏನಾದ್ರೂ. ಬೈಯಿರಿ ಬೇಕಾದ್ರೆ."

ಅತ್ತೆ ನನ್ನ ಕಡೆ ತಿರುಗಿ ಸರಿಯಾಗಿ ಕೂತರು. ಬೆಳಗಿನ ಕಾಫಿ ನೀರಾಗಿತ್ತು ಎಂದರು. ಹಳ್ಳ ಯಾವುದು ರಸ್ತೆ ಯಾವುದು ನೋಡದೆ ಓಡಿಸುತ್ತೀಯ ಎಂದರು. ಗಾಜಿಗೆ ಕುಂಕುಮ ಇಟ್ಟರೆ ಇಂಜಿನ್ನಿಗೆ ಹೇಗೆ ಗೊತ್ತಾಗುತ್ತದೆ, ಓದಿದವಳು ನೀನು ಎಂದರು. ನನ್ನನ್ನು ಬಾಳೆಗೊನೆಯ ಜೊತೆ ಸಂತೆಗೆ ಹಾಕಿದೆಯಲ್ಲ, ಕೊಂಡುಕೊಳ್ಳುವವರು ಯಾರೂ ಸಿಗಲಿಲ್ಲವೇ ಎಂದರು. ಒಂದೇ ಉಸಿರಿಗೆ, ಎಲ್ಲಿಯೂ ಉಸಿರು ಕಟ್ಟದೆ, ಸಂಗಮದ ಊರು ಕಾಣುವವರೆಗೂ ಬೈದರು. ಆಮೇಲೆ ನಿಲ್ಲಿಸಿ ಕೇಳಿದರು.

"ಈಟು ಸಾಕೇನೇ?"

"ಇನ್ನೂ ಸ್ವಲ್ಪ ಇರಲಿ ಅತ್ತೆ" ಎಂದೆ.